ಅತ್ತೆ ಹಾಕಿದ ವಂಕಿ ಉಂಗುರ ಈಗ ನಾದಿನಿ ಕೇಳ್ತಿದಾರೆ, ಏನ್ ಮಾಡ್ಲಿ?

ಸಾಗರದ ಸೊಸೆ
ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗತ್ತೆ, ಬೇಜಾರ್ ಮಾಡ್ಕೋಬೇಡಿ. ನನ್ ಮದುವೇಲಿ ಧಾರೆ ಮುಗಿದ ಮೇಲೆ ಅತ್ತೆ ತಮ್ಮ ಬೆರಳಲ್ಲಿದ್ದ ವಂಕಿ ಉಂಗುರ ಬಿಚ್ಚಿ ಎಲ್ರೆದುರಿಗೇ ನನ್ ಬೆರಳಿಗೆ ಹಾಕಿದ್ರು. ಅದು ಅವರಿಗೆ ಅವರಮ್ಮ ಕೊಟ್ಟಿದ್ದು. ನಡುವೆ ಒಂದು ದೊಡ್ಡ ಕೆಂಪು ಹರಳು, ಎರಡೂ ಕಡೆ ಇಳಿಜಾರಲ್ಲಿ ಸಣ್ಣ ಸಣ್ಣ ಕೆಂಪು, ಅದ್ರಲ್ಲಿ ಒಂದು ಯಾವತ್ತೋ ಬಿದ್ದುಹೋಗಿ ಬರೀ ಗುಂಡಿ ಉಳಿದಿದೆ. ಹಿಂದಿನ ಪಟ್ಟಿ ಸವೆದು ತಂತಿ ಥರ ಆಗಿದೆ, ಚಿತ್ತಾರದ ಸಂದಿಲೆಲ್ಲ ಅಡಿಕೆ ಚೊಗರು ಕೂತು ಕಪ್ಪಾಗಿದೆ, ಯಾಕಂದ್ರೆ ಅತ್ತೆ ಸುಲಿಯೋಕೆ ಕೂತಾಗ್ಲೂ ಅದನ್ನ ತೆಗೀತಿರ್ಲಿಲ್ಲ.

ಅತ್ತೆ ಹೋಗಿ ವರ್ಷ ಆಯ್ತು. ಈಗ ನಾದಿನಿ ಫೋನ್ ಮಾಡಿ "ಅತ್ತಿಗೆ, ಅದು ಅಮ್ಮನ ತವರಿನ ಚಿನ್ನ, ಹೆಣ್ಮಕ್ಕಳ ಸಾಲಲ್ಲಿ ಬಂದಿದ್ದು, ನನ್ ಮಗಳಿಗೆ ಬರ್ಬೇಕು" ಅಂತಿದಾರೆ. ಜಗಳ ಏನಿಲ್ಲ, ಒಳ್ಳೇ ಮಾತಲ್ಲೇ ಕೇಳಿದ್ದು, ಅದಕ್ಕೇ ಕಷ್ಟ. ನಮ್ಮನೆಯವ್ರನ್ನ ಕೇಳಿದ್ರೆ "ನೀವ್ ನೀವೇ ಮಾತಾಡ್ಕೊಳಿ" ಅಂತ ತೋಟಕ್ಕೆ ಹೋಗ್ಬಿಡ್ತಾರೆ. ಇದ್ರ ಮಧ್ಯೆ ಉಂಗುರ ನಂಗೆ ದೊಗಳೆ ಅಂತ ಶಿವಮೊಗ್ಗದ ಒಂದು ಅಂಗಡಿಗೆ ತಗೊಂಡು ಹೋದ್ರೆ ಅಲ್ಲಿಯವ್ರು ಮಷಿನ್‌ಗೆ ಹಾಕಿ "ಮೇಡಂ ಇದು ಬರೀ 18 ಕ್ಯಾರೆಟ್, ಕರಗಿಸಿ ಎರಡು ಹೊಸಾದು ಮಾಡಿಸ್ಬಿಡಿ, ಇಬ್ರಿಗೂ ಆಗತ್ತೆ" ಅಂದ್ರು. ನಾದಿನಿಗೆ ಕೊಡ್ಬೇಕಾ, ಇಟ್ಕೋಬೇಕಾ, ಕರಗಿಸ್ಬೇಕಾ? ತಿಳಿದೋರು ಹೇಳಿ.

ತೀರ್ಥಹಳ್ಳಿ ತುಂಗೆ
ನಮ್ ಕಡೆ ಲೆಕ್ಕ ಸೀದಾ ಇದೆ. ತವರಿಂದ ಬಂದ ಚಿನ್ನ ಮಗಳಿಗೆ, ಗಂಡನ ಮನೇಲಿ ಮಾಡಿಸಿದ್ದು ಸೊಸೆಗೆ. ನಮ್ಮಜ್ಜಿ ಕಾಲದಿಂದ್ಲೂ ಹಿಂಗೇ. ನಿಮ್ ನಾದಿನಿ ಹೇಳೋದ್ರಲ್ಲಿ ತಪ್ಪು ಕಾಣ್ಸಲ್ಲ ನಂಗೆ, ಬೇಜಾರ್ ಮಾಡ್ಕೋಬೇಡಿ.

ಹೊಸನಗರದ ಹೈದ
ಒಂದು ಉಂಗುರಕ್ಕೆ ಇಷ್ಟೆಲ್ಲಾನಾ ಮಾರಾಯ್ರೆ. ಕೊಟ್ಟು ಕೈ ತೊಳ್ಕೊಳಿ, ಅಣ್ಣನ ಹತ್ರ ಹೊಸಾದು ಕೇಳಿ, ಈ ಸಲ ಅಡಿಕೆಗೆ ರೇಟ್ ಇದ್ಯಲ್ಲ.

ಶೃಂಗೇರಿ ಕಾಫಿ
@ಹೊಸನಗರದ ಹೈದ ನಿಮಗೆ ಅದು ಒಂದು ಉಂಗುರ. ಜಮೀನಿನ ಬೇಲಿ ಒಂದಡಿ ಆಚೆ ಹೋದ್ರೆ ಸರ್ವೆಯವರನ್ನ ಕರೆಸೋ ಗಂಡಸ್ರೆಲ್ಲ ಹೆಂಗಸರ ಒಡವೆ ಅಂದಾಗ ಮಾತ್ರ ಸನ್ಯಾಸಿ ಆಗ್ತೀರಿ.

@ತುಂಗೆ ನಿಮ್ಮನೆ ಲೆಕ್ಕ ಸರಿ ಇರ್ಬೋದು, ಆದ್ರೆ ಅದು ಎಲ್ಲಾ ಮನೆ ಲೆಕ್ಕ ಅಲ್ಲ. ನಮ್ ಪಕ್ಕದ ಮನೇಲೇ ಬೇರೆ ಥರ, ಅಲ್ಲಿ ಅತ್ತೆ ಬೆರಳಿಂದ ಹಿರೇ ಸೊಸೆ ಬೆರಳಿಗೆ, ಮಗಳಿಗೆ ಓಲೆ ಮತ್ತೆ ಸರ. ನಾದಿನಿ ಹೇಳಿದ್ದೇ ಶಾಸ್ತ್ರ ಅಂತ ತಿಳ್ಕೊಂಡು ಬಿಚ್ಚಿ ಕೊಡ್ಬೇಡಿ ಸೊಸೆಯವ್ರೆ. ನಾಲ್ಕು ಜನರೆದುರು ಹಾಕಿದ್ದು ಅಂದ್ರೆ ಅತ್ತೆ ಯೋಚನೆ ಮಾಡೇ ಹಾಕಿದ್ದು.

ದುರ್ಗಿಗುಡಿ ವಕೀಲಮ್ಮ
ಕಾನೂನಿನ ಭಾಗ ನಾನು ಹೇಳ್ತೀನಿ, ಉಳಿದದ್ದು ನಿಮ್ ಮನೆ ವಿಚಾರ.

ಮದುವೆ ಹೊತ್ತಲ್ಲಿ ಅಥವಾ ಆಮೇಲೆ ಯಾರೇ ಉಡುಗೊರೆಯಾಗಿ ಕೊಟ್ಟ ಒಡವೆ, ತವರಿನವರಾಗ್ಲಿ ಅತ್ತೆ ಮನೆಯವರಾಗ್ಲಿ, ಅದು ಆ ಹೆಣ್ಣುಮಗಳ ಸ್ತ್ರೀಧನ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಅವಳೇ ಪೂರ್ತಿ ಮಾಲೀಕಳು. 1985ರಲ್ಲಿ ಪ್ರತಿಭಾ ರಾಣಿ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಅದೇ, ಗಂಡ ಅಥವಾ ಗಂಡನ ಮನೆಯವ್ರ ಹತ್ರ ಒಡವೆ ಇದ್ರೂ ಅವರು ಬರೀ ಕಾಯೋರು, ಕೇಳಿದಾಗ ವಾಪಸ್ ಕೊಡ್ಬೇಕು. ಹಾಗಾಗಿ ಉಂಗುರ ನಿಮ್ದು. ಆ ದಿನವೇ ನಿಮ್ದಾಯ್ತು, ಅತ್ತೆ ತೀರ್ಕೊಂಡ ಮೇಲೆ ಅಲ್ಲ.

ಒಂದು ವೇಳೆ ಅತ್ತೆ ಅದನ್ನ ಕೊಡದೆ, ಉಯಿಲೂ ಬರೀದೆ ಹೋಗಿದ್ರೆ ಆಗ 15ನೇ ಸೆಕ್ಷನ್. ಗಂಡ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ರಿಗೂ ಸಮಪಾಲು. ಸೊಸೆಗೆ ಅಲ್ಲಿ ಜಾಗನೇ ಇಲ್ಲ. "ತವರಿನ ಚಿನ್ನ" ಅನ್ನೋ ಮಾತಿಗೂ ಕಾಯ್ದೇಲಿ ಒಂದು ಸಂದಿ ಇದೆ, ಅಪ್ಪ ಅಮ್ಮನಿಂದ ವಾರಸಿನಲ್ಲಿ ಬಂದ ಆಸ್ತಿ ಅಪ್ಪನ ಕಡೆ ವಾರಸುದಾರರಿಗೆ ವಾಪಸ್ ಹೋಗತ್ತೆ, ಆದ್ರೆ ಅದು ಮಕ್ಕಳೇ ಇಲ್ಲದಿದ್ದಾಗ ಮಾತ್ರ. ಇದೆಲ್ಲ ಹಿಂದೂ ಕಾಯ್ದೆಗೆ ಒಳಪಡೋರಿಗೆ, ಮುಸ್ಲಿಂ ಕ್ರಿಶ್ಚಿಯನ್ ಕುಟುಂಬಗಳಿಗೆ ಲೆಕ್ಕ ಬೇರೆ.

ಸಾಗರದ ಸೊಸೆ
ತುಂಬಾ ಥ್ಯಾಂಕ್ಸ್ ಮೇಡಂ. ಕಾನೂನು ನನ್ ಪರ ಇದೆ ಅಂತ ಗೊತ್ತಾಗಿ ಸ್ವಲ್ಪ ಧೈರ್ಯ ಬಂತು, ಆದ್ರೆ ತಿಥಿ ದಿನ ಬಡಿಸೋವಾಗ ನಾದಿನಿ ಎದುರಿಗೆ ಸೆಕ್ಷನ್ 14 ಅಂತ ಹೇಳೋಕಾಗತ್ತಾ. ಕರಗಿಸೋ ವಿಚಾರ ಯಾರಾದ್ರೂ ಹೇಳಿ.

ಅಕ್ಕಸಾಲಿ ಮನೆಯವ
ಕರಗಿಸ್ಬೇಡಿ ಅಕ್ಕ. ನಮ್ದು ಮೂರು ತಲೆಮಾರಿನ ಕುಲುಮೆ, ಅದಕ್ಕೇ ಹೇಳ್ತಿದೀನಿ.

ಮೊದ್ಲು ಆ 18 ಕ್ಯಾರೆಟ್ ಮಾತು. ಅಂಗಡೀಲಿರೋ ಎಕ್ಸ್‌ಆರ್‌ಎಫ್ ಮಷಿನ್ ನೋಡೋದು ಮೇಲ್ಮೈನ, ಒಳಗಿನ ಚಿನ್ನಾನ ಅಲ್ಲ. ಹಳೇ ಉಂಗುರದಲ್ಲಿ ಎಲ್ಲೆಲ್ಲಿ ಬೆಸುಗೆ ಬಿದ್ದಿದ್ಯೋ ಅಲ್ಲಿ ತಾಮ್ರ ಜಾಸ್ತಿ ಇರತ್ತೆ, ಅಲ್ಲೇ ಇಟ್ಟು ನೋಡಿದ್ರೆ ಕಮ್ಮಿನೇ ತೋರ್ಸೋದು. ವಂಕಿ ಉಂಗುರದಲ್ಲಂತೂ ಪ್ರತಿ ಹರಳಿನ ಗೂಡಿಗೂ ಬೆಸುಗೆ ಇದೆ, ಮೇಲಿಂದ ನಿಮ್ ಚೊಗರು ಬೇರೆ. ಬಿಐಎಸ್ (ಸರ್ಕಾರದ ಗುಣಮಟ್ಟ ಸಂಸ್ಥೆ) ಒಪ್ಪಿಗೆ ಇರೋ ಹಾಲ್‌ಮಾರ್ಕಿಂಗ್ ಸೆಂಟರ್‌ಗೆ ಗಿರಾಕಿಗಳೇ ಹೋಗಿ ಟೆಸ್ಟ್ ಮಾಡಿಸ್ಬೋದು, ರಿಪೋರ್ಟ್ ಕೊಡ್ತಾರೆ, ಫೀಸೂ ದೊಡ್ಡದೇನಲ್ಲ. ಪಟ್ಟಿ ಮೇಲೆ ಬೆಸುಗೆ ಇಲ್ದಿರೋ ಜಾಗದಲ್ಲಿ ನೋಡಿ ಅಂತ ಬಾಯ್ಬಿಟ್ಟು ಹೇಳಿ.

ಇನ್ನು ಕರಗಿಸೋ ಲೆಕ್ಕ. ಉಂಗುರ 5 ಗ್ರಾಂ ಅಂತಿಟ್ಕೊಳಿ. ಹರಳು ಬಿಚ್ಚಿದ್ರೆ ಅದು ಚಿನ್ನದ ತೂಕಕ್ಕೆ ಬರಲ್ಲ. ಹಳೇ ಕಟ್ಟಡದಲ್ಲಿ, ಅಂದ್ರೆ ಹರಳು ಕೂರಿಸೋ ಹಳೇ ರೀತೀಲಿ, ಹರಳಿನ ಹಿಂದೆ ಅರಗು ತುಂಬಿರ್ತಾರೆ, ಹೊಳಪಿಗೆ ತಗಡು ಇಟ್ಟಿರ್ತಾರೆ, ಅದೂ ಹೋಯ್ತು. ಕೈಗೆ ಬರೋದು 4 ಗ್ರಾಂ ಅಂದ್ಕೊಳಿ. ಅದು 20 ಕ್ಯಾರೆಟ್ ಇದ್ರೆ ಅಪ್ಪಟ ಚಿನ್ನ 3.33 ಗ್ರಾಂ. ಹೊಸಾದು 916, ಅಂದ್ರೆ 22 ಕ್ಯಾರೆಟ್ಟಲ್ಲಿ ಮಾಡಿಸಿದ್ರೆ 3.6 ಗ್ರಾಂ ಚಿಲ್ಲರೆ ಆಗತ್ತೆ. ಅದನ್ನ ಎರಡು ಭಾಗ ಮಾಡಿದ್ರೆ ಒಂದೊಂದು 2 ಗ್ರಾಂ ಒಳಗೇ. ಎರಡಕ್ಕೂ ವೇಸ್ಟೇಜು, ಮಜೂರಿ, ಜಿಎಸ್‌ಟಿ ನೀವೇ ಕೊಡ್ಬೇಕು, ಮೇಲಾಗಿ 2 ಗ್ರಾಂಗಿಂತ ಕಮ್ಮಿ ಇರೋ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯನೂ ಅಲ್ಲ. ನಾಳೆ ಬಚ್ಚಲಲ್ಲಿ ಬಕೆಟ್ ಹಿಡಿಗೆ ತಾಗಿದ್ರೆ ಸೊಟ್ಟ ಆಗೋ ಉಂಗುರ ಅದು. ಅಂಗಡಿಯವ್ರಿಗೆ ಲಾಭ, ನಿಮಗಿಬ್ರಿಗೂ ನಷ್ಟ.

ದೊಗಳೆ ಆಗಿದ್ದಕ್ಕೆ ಕರಗಿಸೋದ್ಯಾಕೆ. ಹಿಂದಿನ ಪಟ್ಟಿ ತಂತಿ ಆಗಿದೆ ಅಂದ್ರಲ್ಲ, ಆ ಸವೆದ ಭಾಗ ಮಾತ್ರ ಕತ್ತರಿಸಿ ಅಳತೆಗೆ ಹೊಸಾ ಪಟ್ಟಿ ಬೆಸೆದ್ರೆ ಆಯ್ತು. ಮುಖ ಹಂಗೇ ಉಳಿಯತ್ತೆ. ಬೆಸುಗೆಗೆ ಕೆಡಿಎಂ ಬಳಸ್ಬೇಡಿ ಅಂತ ಹೇಳಿ, ಅದು ಕ್ಯಾಡ್ಮಿಯಂ, ಅದ್ರ ಹೊಗೆ ಕೆಲ್ಸದವನ ಪುಪ್ಪುಸಕ್ಕೆ ವಿಷ. ಮತ್ತೆ ಬೆಂಕಿ ತಾಗಿಸೋವಾಗ ಅರಗು ಕರಗಿ ಹರಳು ಅಲುಗಾಡತ್ತೆ, ಹಾಗಾಗಿ ಹಳೇ ಕಟ್ಟಡ ಗೊತ್ತಿರೋ ಆಚಾರ್ರ ಹತ್ರನೋ ಶೇಟ್ರ ಹತ್ರನೋ ಹೋಗಿ, ಷೋರೂಂಗೆ ಬೇಡ.

ತೀರ್ಥಹಳ್ಳಿ ತುಂಗೆ
ಆ ಕೆಂಪು ಹರಳಿಗೆ ಬೆಲೆ ಇಲ್ವಾ? ನಮ್ಮನೇಲೂ ಒಂದಿದೆ, ಅಪ್ಪಟ ಬರ್ಮಾ ಕೆಂಪು ಅಂತ ದೊಡ್ಡಮ್ಮ ಹೇಳ್ತಾನೇ ಇರ್ತಾರೆ.

ಅಕ್ಕಸಾಲಿ ಮನೆಯವ
ಎಲ್ಲಾ ದೊಡ್ಡಮ್ಮಂದ್ರೂ ಹಂಗೇ ಹೇಳ್ತಾರೆ 😀 ಇರ್ಬೋದು, ಇಲ್ದೆನೂ ಇರ್ಬೋದು. ಪುಡಿಯನ್ನ ಜ್ವಾಲೇಲಿ ಕರಗಿಸಿ ಮಾಣಿಕ್ಯ ಬೆಳೆಸೋ ವಿಧಾನನ ವೆರ್ನೊಯ್ ಅನ್ನೋ ಫ್ರೆಂಚ್ ವಿಜ್ಞಾನಿ 1902ರಲ್ಲೇ ಬಯಲು ಮಾಡಿದ್ದ. ಅಂದ್ರೆ ನಮ್ ಅಜ್ಜಿಯಂದ್ರು ಹುಟ್ಟೋಕೆ ಮುಂಚೆನೇ ಕಾರ್ಖಾನೆ ಕೆಂಪು ಮಾರ್ಕೆಟ್ಟಲ್ಲಿ ಇತ್ತು. ಗಟ್ಟಿತನ, ಬಣ್ಣ ಎಲ್ಲಾ ಅಸಲಿ ಥರನೇ, ಯಾಕಂದ್ರೆ ವಸ್ತು ಒಂದೇ. ಭೂತಗನ್ನಡಿ ಹಿಡಿದು ನೋಡಿದ್ರೆ ಕಾರ್ಖಾನೇದ್ರಲ್ಲಿ ಒಳಗೆ ಬಾಗಿದ ಗೆರೆಗಳು ಇರ್ತವೆ, ಸಣ್ಣ ಗುಳ್ಳೆ ಇರ್ತವೆ. ಗಣೀದ್ರಲ್ಲಿ ಗೆರೆ ನೆಟ್ಟಗೆ, ಮೂಲೆ ಮೂಲೆಯಾಗಿ. ಇನ್ನು ಕೆಲವು ಬರೀ ಗಾಜು, ಅಂಚೆಲ್ಲ ಸವೆದು ಮೊಂಡಾಗಿರತ್ತೆ. ರತ್ನ ಪರೀಕ್ಷೆ ಲ್ಯಾಬ್ ಬಿಟ್ಟು ಬೇರೆಲ್ಲೂ ಬಿಚ್ಚೋಕೆ ಕೊಡ್ಬೇಡಿ.

ಒಂದು ಮಾತು ಬಿಟ್ಟೋಗಿತ್ತು. ಹಳೇ ಉಂಗುರದ ಕ್ಯಾರೆಟ್ ಕಮ್ಮಿ ಬಂದ್ರೆ ಮಾಡಿದವನು ಮೋಸ ಮಾಡಿದ ಅಂತ ತಕ್ಷಣ ಬೈಬೇಡಿ. 1963ರ ಜನವರೀಲಿ ಮೊರಾರ್ಜಿ ದೇಸಾಯಿ ಹಣಕಾಸು ಮಂತ್ರಿ ಆಗಿದ್ದಾಗ ಚಿನ್ನ ನಿಯಂತ್ರಣ ಬಂತು, 14 ಕ್ಯಾರೆಟ್‌ಗಿಂತ ಮೇಲೆ ಹೊಸ ಒಡವೆ ಮಾಡೋ ಹಾಗಿಲ್ಲ ಅಂತ. ಅದು ಸಡಿಲ ಆಯ್ತು, ಆಮೇಲೆ 1968ರಲ್ಲಿ ಕಾಯ್ದೆ ಬಂತು, 1990ರಲ್ಲಿ ರದ್ದಾಯ್ತು. ಆ 14 ಕ್ಯಾರೆಟ್ ಕಾಲದಲ್ಲಿ ನಮ್ಮಜ್ಜ ಕುಲುಮೆ ಬಿಟ್ಟು ಅಡಿಕೆ ಕೊನೆ ಹೊರೋಕೆ ಹೋಗಿದ್ರಂತೆ.

ಮುಳುಗಡೆ ಮನೆ
ಚಿನ್ನದ ಮಾತು ಬಂತು ಅಂತ ನಮ್ಮನೇದೊಂದು ಹೇಳ್ಬಿಡ್ತೀನಿ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಆಯ್ತಲ್ಲ, ನಮ್ಮೂರು ನೀರಲ್ಲಿ ಹೋಯ್ತು. ಹೊಸ ಜಾಗಕ್ಕೆ ಬಂದು ಕಾಡು ಕಡಿದು ಗದ್ದೆ ಮಾಡೋವಷ್ಟ್ರಲ್ಲಿ ಅಮ್ಮಮ್ಮನ ಬಳೆ, ಸರ, ಓಲೆ, ಎಲ್ಲಾ ಒಂದೊಂದೇ ಹೋದ್ವು, ಎತ್ತಿಗೊಂದು, ಅಕ್ಕಿಗೊಂದು, ಮಲೇರಿಯಾಕ್ಕೊಂದು. ಉಳಿದಿದ್ದು ಉಂಗುರ ಒಂದೇ. ಅದೂ ಪ್ರೀತಿಗೆ ಉಳಿಸ್ಕೊಂಡಿದ್ದಲ್ಲ, ಗೆಣ್ಣು ದಪ್ಪ ಆಗಿ ಬೆರಳಿಂದ ಹೊರಗೇ ಬರ್ತಿರ್ಲಿಲ್ಲ, ಅದಕ್ಕೆ ಉಳೀತು. ಅಜ್ಜ ಎರಡು ಸಲ ಸೋಪು ಹಚ್ಚಿ ಎಳೆದಿದ್ರಂತೆ, ಅಮ್ಮಮ್ಮ ಕಿರುಚಿದ್ದು ಕೇಳಿ ಬಿಟ್ಟಿದ್ರಂತೆ. ನಾನು ಕೇಳಿದ್ದಕ್ಕೆ "ನಾನು ಸ್ವಲ್ಪ ಜೋರಾಗೇ ಕಿರುಚಿದ್ದೆ" ಅಂತ ನಗ್ತಿದ್ರು.

ಕೊನೆಗೆ ಅದು ಹೊರಗೆ ಬಂದಿದ್ದು ಆಸ್ಪತ್ರೇಲಿ, ಕೈ ಬಾತಿತ್ತು, ಆಪರೇಷನ್‌ಗೆ ಮೊದ್ಲು ತೆಗೀಲೇಬೇಕು ಅಂದ್ರು. ಕತ್ತರಿಸ್ತಾರೆ ಅಂತ ನಾವೆಲ್ಲ ಅಂದ್ಕೊಂಡಿದ್ವಿ. ನರ್ಸಮ್ಮ ಒಬ್ರು ಹೊಲಿಗೆ ನೂಲಿನ ತುದಿನ ಉಂಗುರದ ಅಡೀಲಿ ತೂರಿಸಿ, ಉಳಿದ ನೂಲನ್ನ ಬೆರಳಿಗೆ ಒತ್ತೊತ್ತಾಗಿ ಗೆಣ್ಣು ದಾಟೋವರೆಗೂ ಸುತ್ತಿದ್ರು, ಆಮೇಲೆ ಅಡೀಲಿದ್ದ ತುದಿ ಹಿಡ್ಕೊಂಡು ಬಿಚ್ತಾ ಬಂದ್ರೆ ಉಂಗುರ ಸುತ್ತು ಸುತ್ತಾಗಿ ಮೇಲೆ ಬಂತು. ಮನೇಲಿ ಯಾರಿಗಾದ್ರೂ ಸಿಕ್ಕಾಕೊಂಡ್ರೆ ಗೊತ್ತಿರ್ಲಿ, ಆದ್ರೆ ಬೆರಳು ನೀಲಿ ಆಗಿದ್ರೆ ಮನೆ ಮದ್ದು ಬೇಡ, ಸೀದಾ ಆಸ್ಪತ್ರೆಗೆ ಹೋಗಿ.

ಉಂಗುರ ಈಗ ನಮ್ ಚಿಕ್ಕಮ್ಮನ ಹತ್ರ ಇದೆ. ಯಾರಿಗೆ ಅಂತ ಅಮ್ಮಮ್ಮ ಹೇಳ್ಲಿಲ್ಲ, ಅವತ್ತು ಆಸ್ಪತ್ರೇಲಿ ಪಕ್ಕ ನಿಂತಿದ್ದು ಚಿಕ್ಕಮ್ಮ, ಅಷ್ಟೇ. ದೊಡ್ಡಮ್ಮ ಅದಕ್ಕೆ ಇವತ್ತಿಗೂ ಮಾತಾಡಲ್ಲ.

ಹೊಸನಗರದ ಹೈದ
ಸರಿ ಮಾರಾಯ್ರೆ, ನನ್ ಮೊದ್ಲಿನ ಮಾತು ತಮಾಷೆಗೆ ಹೇಳಿದ್ದು. ನಮ್ಮನೇಲಿ ಭೂಮಿ ಹುಣ್ಣಿಮೆಗೆ ಪೈರಿಗೆ ಸೀರೆ ಸುತ್ತಿ ತಾಳಿ ಹಾಕ್ತಾರಲ್ಲ, ಅದ್ರ ಜೊತೆ ಅಜ್ಜಿ ತನ್ನ ಉಂಗುರನೂ ತೆನೆಗೆ ಸಿಕ್ಕಿಸೋರು, ಬಸುರಿಗೆ ಒಡವೆ ಹಾಕದೆ ಬಯಕೆ ಬಡಿಸ್ತಾರಾ ಅಂತ. ಒಂದ್ ವರ್ಷ ವಾಪಸ್ ತಗೊಳೋದು ಮರೆತು ಬಂದು ರಾತ್ರಿ ಟಾರ್ಚ್ ಹಿಡ್ಕೊಂಡು ಇಡೀ ಮನೆ ಗದ್ದೇಲಿ. ಸಿಗ್ಲಿಲ್ಲ. ಆ ಗದ್ದೆ ಈಗ ಶುಂಠಿಗೆ ಗುತ್ತಿಗೆ ಕೊಟ್ಟಿದೀವಿ, ಟ್ರ್ಯಾಕ್ಟರ್ ಹೊಡೆಯೋವಾಗ ಅಪ್ಪ ಈಗ್ಲೂ ಬದು ಮೇಲೆ ನಿಂತು ನೋಡ್ತಾರೆ.

ಶೃಂಗೇರಿ ಕಾಫಿ
ಈ ಥರ ಬರೀರಿ ಅಂತ ಅಲ್ವಾ ಹೇಳಿದ್ದು.

ಸೊಸೆಯವ್ರೆ, ನಿಮ್ ನಾದಿನಿಗೆ ಅತ್ತೆ ಏನು ಕೊಟ್ಟಿದ್ರು ಮದುವೇಲಿ? ಅದನ್ನ ಯಾರೂ ಕೇಳ್ಲಿಲ್ಲ. ಹಿಂದಿನವ್ರು ಸುಮ್ಮನೆ ಹಂಚ್ತಿರ್ಲಿಲ್ಲ, ಮನಸ್ಸಲ್ಲಿ ತಕ್ಕಡಿ ಇರ್ತಿತ್ತು.

ಕೊಪ್ಪದ ಕಣಿವೆ
ಲಾಕರ್‌ನಲ್ಲಿಡೋರಿಗೆ ಒಂದು ಮಾಹಿತಿ. 2022ರ ಜನವರಿ 1ರಿಂದ ಆರ್‌ಬಿಐ ನಿಯಮ ಬದಲಾಗಿದೆ, ಬೆಂಕಿ, ಕಳ್ಳತನ, ಬ್ಯಾಂಕಿನವ್ರದೇ ವಂಚನೆ ಇಂಥದ್ರಿಂದ ಹೋದ್ರೆ ಬ್ಯಾಂಕ್ ಕೊಡ್ಬೇಕಾದ್ದು ವರ್ಷದ ಲಾಕರ್ ಬಾಡಿಗೆಯ 100 ಪಟ್ಟು. ಒಳಗೆ ಎಷ್ಟೇ ಇರ್ಲಿ ಅದಕ್ಕೆ ಸಂಬಂಧ ಇಲ್ಲ. ಹಾಗಾಗಿ ಫೋಟೋ, ತೂಕ ಬರೆದಿಟ್ಕೊಳಿ. ಹಳೇ ಒಡವೆಗೆ ಬಿಲ್ ಇಲ್ಲ ಅಂತ ಹೆದ್ರೋರಿಗೆ ಇನ್ನೊಂದು, ಇನ್ಕಮ್ ಟ್ಯಾಕ್ಸ್ ರೇಡ್ ಆದ್ರೂ ಮದುವೆ ಆದ ಹೆಣ್ಮಕ್ಕಳ 500 ಗ್ರಾಂ, ಆಗದೋರ 250, ಗಂಡಸ್ರ 100 ಗ್ರಾಂವರೆಗೆ ಜಪ್ತಿ ಮಾಡ್ಬಾರ್ದು ಅಂತ 1994ರ ಸೂಚನೆ ಇದೆ.

ಹೊಸನಗರದ ಹೈದ
500 ಗ್ರಾಂ ಇದ್ದಿದ್ರೆ ನಾನು ಇಲ್ಲಿ ಯಾಕೆ ಇರ್ತಿದ್ದೆ.

ಸಾಗರದ ಸೊಸೆ
ಎಲ್ರಿಗೂ ಅಪ್‌ಡೇಟ್. ಮೊದ್ಲು ಉಂಗುರ. ಟೆಸ್ಟ್ ಸೆಂಟರ್‌ನಲ್ಲಿ ಪಟ್ಟಿ ಮೇಲೆ ನೋಡಿಸಿದ್ವಿ, 20 ಕ್ಯಾರೆಟ್ ಹತ್ರ ಬಂತು. ಅಂಗಡೀಲಿ ನೋಡಿದ್ದು ಮುಖದ ಬೆಸುಗೆ ಮೇಲೆನೇ. ಅಂಟುವಾಳದ ನೀರಲ್ಲಿ ಮೆತ್ತನೆ ಬ್ರಷ್ ಹಾಕಿ ತಿಕ್ಕಿದ್ರೆ ಚೊಗರು ಅರ್ಧ ಹೋಯ್ತು, ಉಳಿದದ್ದು ಬಿಟ್ಟೆ. ಅರಗಿನ ಕಟ್ಟಡ ಅಂತ ಗೊತ್ತಾದ ಮೇಲೆ ನೆನೆಹಾಕೋಕೆ ಧೈರ್ಯ ಬರ್ಲಿಲ್ಲ.

ಇನ್ನು ನಾದಿನಿ. ಶೃಂಗೇರಿ ಕಾಫಿ ಕೇಳಿದ್ರಲ್ಲ, ಆ ಪ್ರಶ್ನೆನ ತಿಥಿ ಮುಗಿದು ಪಾತ್ರೆ ಒರೆಸೋವಾಗ ಕೇಳೇಬಿಟ್ಟೆ. ಅವ್ರ ಮದುವೇಲಿ ಅತ್ತೆ ಬೆಂಡೋಲೆ ಕೊಟ್ಟಿದ್ರಂತೆ, ಅದೂ ಅದೇ ಅಜ್ಜೀದು, ಅದೇ ಕೆಂಪಿನ ಹರಳಿಂದು, ಉಂಗುರಕ್ಕೆ ಜೋಡಿ. ಅಂದ್ರೆ ಜೊತೆನ ಒಡೆದು ಮಗಳಿಗೊಂದು ಸೊಸೆಗೊಂದು ಕೊಟ್ಟಿದಾರೆ ಅತ್ತೆ. "ಅದೀಗ ಎಲ್ಲಿ" ಅಂದೆ. ಬೆಂಗಳೂರಲ್ಲಿ ಫ್ಲ್ಯಾಟ್ ತಗೊಂಡ ವರ್ಷ ಎಕ್ಸ್‌ಚೇಂಜ್ ಆಫರ್ ಇತ್ತಂತೆ, ಓಲ್ಡ್ ಫ್ಯಾಷನ್ ಅಂತ ಕೊಟ್ಟು ಬಳೆ ತಗೊಂಡ್ರಂತೆ. ಅತ್ತೆಗೆ ಹೇಳೇ ಇಲ್ಲ. ಪ್ರತಿ ಹಬ್ಬಕ್ಕೂ "ಬೆಂಡೋಲೆ ಹಾಕ್ಕೊಂಡು ಬಾ" ಅಂತ ಅತ್ತೆ ಫೋನಲ್ಲಿ ಹೇಳ್ತಿದ್ದಿದ್ದು ನಂಗೆ ನೆನಪಿದೆ, "ಲಾಕರ್‌ನಲ್ಲಿದೆ ಅಮ್ಮ" ಅಂತ ಇವರು ಹೇಳ್ತಿದ್ದಿದ್ದೂ.

ಸಿಟ್ಟು ಬಂತು, ಸುಳ್ಳ್ಯಾಕೆ ಹೇಳ್ಲಿ. ತನ್ನದನ್ನ ಕರಗಿಸ್ಕೊಂಡು ನನ್ನದು ಕೇಳೋದಾ ಅಂತ. ಆದ್ರೆ ಅವ್ರ ಮಗಳು ಪಕ್ಕದಲ್ಲೇ ಕೂತಿದ್ಲು, ಹೈಸ್ಕೂಲ್ ಹುಡುಗಿ, ಅಜ್ಜಿ ಥರಾನೇ ಗೆಣ್ಣು. ಉಂಗುರ ಕೊಟ್ಟು ಹಾಕಿ ನೋಡು ಅಂದೆ, ಸರೀ ಕೂತ್ಕೊಂಡ್ತು, ನಂಗೆ ದೊಗಳೆ ಆಗೋದು ಅವಳಿಗೆ ಅಳತೆ ಕೊಟ್ಟು ಮಾಡಿಸಿದ ಹಾಗಿತ್ತು. ನಂಗಿರೋದು ಇಬ್ರೂ ಗಂಡುಮಕ್ಕಳು. ಹಂಗಾಗಿ ಹೇಳಿದೀನಿ, ನಾನಿರೋವರೆಗೂ ನಾನು ಹಾಕ್ಕೋತೀನಿ, ಆಮೇಲೆ ಅವಳಿಗೆ. ಪಟ್ಟಿ ಬದಲಾಯಿಸಲ್ಲ, ಒಳಗೆ ನೂಲು ಸುತ್ತಿ ಹಾಕ್ಕೋತಿದೀನಿ.

ತೀರ್ಥಹಳ್ಳಿ ತುಂಗೆ
ನೋಡಿ ಕೊನೆಗೆ ಹೆಣ್ಮಕ್ಕಳ ಸಾಲಿಗೇ ಹೋಯ್ತು.

ಶೃಂಗೇರಿ ಕಾಫಿ
ನಾನು ಒಪ್ಪಲ್ಲ. ನಾಳೆ ನಿಮಗೆ ಸೊಸೆಯಂದ್ರು ಬರಲ್ವಾ? ನಿಮಗೆ ನಿಮ್ಮತ್ತೆ ಎಲ್ರೆದುರು ಉಂಗುರ ಹಾಕಿದಾಗ ಆದ ಖುಷಿ ಅವರಿಗೆ ಬೇಡ್ವಾ. ಅತ್ತೆ ಬೇಕಂತಲೇ ಜೊತೆ ಒಡೆದು ಹಂಚಿದ್ರು, ಮಗಳ ಪಾಲು ಮಗಳು ಮಾರ್ಕೊಂಡ್ಲು, ಈಗ ಸೊಸೆ ಪಾಲೂ ಅಲ್ಲಿಗೇ. ನಿಮ್ಮದು ದೊಡ್ಡ ಮನಸ್ಸು ಇರ್ಬೋದು, ಲೆಕ್ಕ ಸರಿ ಇಲ್ಲ.

ಸಾಗರದ ಸೊಸೆ
ಇದೇ ಮಾತು ನಮ್ಮಮ್ಮನೂ ಹೇಳಿ ಬೈದ್ರು. ಮುಂದೆ ಬರೋ ಸೊಸೆಯಂದ್ರಿಗೆ ನನ್ ತವರಿನ ಅವಲಕ್ಕಿ ಸರ ಇದೆ, ಅದಕ್ಕೆ ಈಗ್ಲೇ ಜಗಳ ಶುರು ಮಾಡ್ಬೇಡಿ.

ದುರ್ಗಿಗುಡಿ ವಕೀಲಮ್ಮ
ಬಾಯಲ್ಲಿ ಹೇಳಿದ್ರೆ ಸಾಲಲ್ಲ. ಇವತ್ತಿನ ಸ್ಥಿತೀಲಿ ಏನೂ ಬರೀದಿದ್ರೆ ಉಂಗುರ ನಿಮ್ ಗಂಡ ಮಕ್ಕಳಿಗೆ ಹೋಗತ್ತೆ, ನಾದಿನಿ ಮಗಳು ವಾರಸುದಾರಳೇ ಅಲ್ಲ. ಒಂದು ಹಾಳೇಲಿ ಉಯಿಲು ಬರೀರಿ, ಉಂಗುರದ ಗುರುತು, ತೂಕ, ಬಿದ್ದುಹೋದ ಹರಳು ಎಲ್ಲಾ ನಮೂದಿಸಿ, ಇಬ್ರು ಸಾಕ್ಷಿ ನಿಮ್ಮೆದುರು ಸಹಿ ಹಾಕ್ಲಿ. ಸ್ಟಾಂಪ್ ಪೇಪರ್ ಬೇಡ, ರಿಜಿಸ್ಟ್ರೇಷನ್ ಕಡ್ಡಾಯ ಅಲ್ಲ. ಸಾಕ್ಷಿಗೆ ನಾದಿನಿ ಬೇಡ, ಹೊರಗಿನವರನ್ನ ಹಾಕಿ. ಮನಸ್ಸು ಬದಲಾದ್ರೆ ಹರಿದು ಬೇರೆ ಬರೀಬೋದು.

ಅಕ್ಕಸಾಲಿ ಮನೆಯವ
ನೂಲು ಸುತ್ತಿ ಹಾಕ್ಕೊಳಿ ಪರವಾಗಿಲ್ಲ, ಆದ್ರೆ ಪಟ್ಟಿ ಅಷ್ಟು ಸವೆದಿದ್ರೆ ಅಡಿಕೆ ಸುಲಿಯೋವಾಗ ತೆಗೆದಿಡಿ. ಮೆಟ್ಟುಗತ್ತಿಗೆ ತಾಗಿದ್ರೆ ತುಂಡಾಗತ್ತೆ. ಬಿದ್ದುಹೋದ ಹರಳಿಗೆ ಬದಲು ಕಟ್ಟಿಸೋದಾದ್ರೆ ಪಕ್ಕದ ಹರಳಿನ ಬಣ್ಣಕ್ಕೆ ಹೊಂದೋದು ಸಿಗೋವರೆಗೆ ಕಾಯಿರಿ, ಅಂಗಡೀಲಿ ಇದ್ದಿದ್ದನ್ನ ತುರುಕಿಸ್ಬೇಡಿ.

ಮಂಡಗದ್ದೆ ಮಳೆ
ತಡವಾಗಿ ನೋಡಿದೆ. ನನ್ ಹತ್ರ ಅಜ್ಜಿ ಬೆಳ್ಳಿ ಕಾಲುಂಗುರ ಇದೆ, ಮೂರು ಸುತ್ತಿಂದು, ಗಂಡ ಇಲ್ದಿರೋ ಅಜ್ಜಿ ಅದನ್ನ ಡಬ್ಬೀಲಿಟ್ಟಿದ್ರು, ಈಗ ಮೊಮ್ಮಗಳಾದ ನಾನು ಹಾಕ್ಕೋಬೋದಾ? ಮನೇಲಿ ಬೇಡ ಅಂತಿದಾರೆ.

ಶೃಂಗೇರಿ ಕಾಫಿ
ಹಾಕ್ಕೊಳಿ. ಇದಕ್ಕೆ ಬೇರೆ ಪೋಸ್ಟ್ ಹಾಕಿ, ಇಲ್ಲಿ ಶುರು ಮಾಡಿದ್ರೆ ನಾಳೆ ಬೆಳಗಾಗತ್ತೆ.